ಹಾಲಿನ ಗಾಡಿಯ ಹಿಂದಿನ ಪ್ಲೇಟು: ಮಲೆನಾಡಿನ ಸದಸ್ಯರಿಗೆ ಒಂದು ಪಾಠ



ಕೆಚ್ಚಲು ಬಾವು, ಖನಿಜ ಮಿಶ್ರಣ, ಹಸಿರು ಮೇವು, ಕರುಗಳ ಪಾಲನೆ - ಈ ಪುಟಗಳಲ್ಲಿ ತಾವು ಸಾಮಾನ್ಯವಾಗಿ ಓದುವ ವಿಷಯಗಳು ಇವು. ಪಶುವೈದ್ಯನಾದವನು ಪಿಕಪ್ ಗಾಡಿಯ ಸ್ಪ್ರಿಂಗ್ ಪ್ಲೇಟಿನ ಬಗ್ಗೆ ಬರೆಯುವುದೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಹೆತ್ತೂರು, ಯಸಳೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆ ಕಡೆಯ ಊರುಗಳಲ್ಲಿ ಹಾಲು ಸಂಘಕ್ಕೆ ಬರುವುದು, ಪಶು ಆಹಾರ ಮನೆಗೆ ಹೋಗುವುದು, ಹೊಸ ಹಸು ಕೊಟ್ಟಿಗೆಗೆ ಬರುವುದು, ಕಾಯಿಲೆ ಬಿದ್ದ ಹಸು ಆಸ್ಪತ್ರೆಗೆ ಹೋಗುವುದು ಎಲ್ಲವೂ ಒಂದೇ ಗಾಡಿಯಲ್ಲಿ. ಆ ಗಾಡಿಯ ಹಿಂಭಾಗ ಸರಿಯಿಲ್ಲದಿದ್ದರೆ ನಷ್ಟ ಗ್ಯಾರೇಜಿನಲ್ಲಿ ಮಾತ್ರ ಆಗುವುದಿಲ್ಲ; ಹಾಲಿನ ಕ್ಯಾನಿನಲ್ಲಿ ಆಗುತ್ತದೆ, ಹಸುವಿನ ಕಾಲಿನಲ್ಲಿ ಆಗುತ್ತದೆ, ಕೆಲವೊಮ್ಮೆ ಘಾಟಿಯ ತಿರುವಿನಲ್ಲಿ ಮನುಷ್ಯರ ಜೀವಕ್ಕೇ ಆಗುತ್ತದೆ.

ಬಯಲುಸೀಮೆಯಲ್ಲಿ ಇಂತಹ ಕೆಲಸಕ್ಕೆ ಪೇಟೆಯ ಗ್ಯಾರೇಜು ಹತ್ತಿರ. ನಮ್ಮಲ್ಲಿ ಹಾಗಲ್ಲ. ತೋಟದ ಮನೆಗಳಲ್ಲಿ ಜೀಪಿನ ಸಣ್ಣಪುಟ್ಟ ಕೆಲಸವನ್ನು ಮನೆಯವರೇ ಮಾಡಿಕೊಳ್ಳುವ ರೂಢಿ ಹಿಂದಿನಿಂದ ಬಂದಿದೆ. ಈಚೆಗೆ ಹಲವರು ಹಿಂದಿನ ಪ್ಲೇಟುಗಳನ್ನು ಮನೆಯಲ್ಲಿಯೇ ಬಿಚ್ಚಿ 'ಜೋರು' ಮಾಡಿಕೊಳ್ಳುತ್ತಿದ್ದಾರೆ. ಮಾಡಬಾರದು ಎಂದು ನಾನು ಹೇಳುವುದಿಲ್ಲ. ಏನು ಮಾಡಬಹುದು, ಏನು ಮಾಡಬಾರದು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ತಿಳಿದು ಮಾಡಿರಿ ಎಂಬುದೇ ಈ ಲೇಖನದ ಉದ್ದೇಶ.

ಪ್ಲೇಟುಗಳ ಕೆಲಸವೇನು?

ಹಳೆಯ ಮಹೀಂದ್ರ ಜೀಪು, ಟಾಟಾ 207, ಬೊಲೆರೊ ಪಿಕಪ್ - ನಮ್ಮ ಭಾಗದಲ್ಲಿ ಹೆಚ್ಚಾಗಿ ಓಡುವ ಈ ಗಾಡಿಗಳೆಲ್ಲದರ ಹಿಂದಿನ ಎಕ್ಸೆಲ್ ಎರಡು ಪ್ಲೇಟಿನ ಕಟ್ಟುಗಳ ಮೇಲೆ ನಿಂತಿರುತ್ತದೆ. ಉದ್ದವಾದ ಮೇನ್ ಪ್ಲೇಟು ಮೇಲೆ; ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡವಾದ ಪ್ಲೇಟುಗಳು. ಎಲ್ಲವನ್ನೂ ನಡುವೆ ಸೆಂಟರ್ ಬೋಲ್ಟು ಹಿಡಿದಿರುತ್ತದೆ. ಕಟ್ಟನ್ನು ಎಕ್ಸೆಲಿಗೆ ಯು ಬೋಲ್ಟುಗಳು ಬಿಗಿಯುತ್ತವೆ. ಕಟ್ಟಿನ ಮುಂದಿನ ಕಣ್ಣು ಚಾಸಿಸ್ಸಿಗೆ ನೇರವಾಗಿ, ಹಿಂದಿನ ಕಣ್ಣು ಶ್ಯಾಕಲ್ ಮೂಲಕ ಸೇರಿರುತ್ತದೆ. ಭಾರ ಬಿದ್ದಾಗ ಬಾಗಿದ ಪ್ಲೇಟು ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲಿನ ಕೆಲಸ. ಪ್ಲೇಟು ಒಮ್ಮೆ ಕುಣಿದರೆ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಪ್ಲೇಟು ಭಾರ ಹೊರುತ್ತದೆ, ಶಾಕ್ ಕುಣಿತ ನಿಲ್ಲಿಸುತ್ತದೆ. ಈ ಎರಡನ್ನು ಗೊಂದಲ ಮಾಡಿಕೊಂಡವರು ಶಾಕ್ ಹೋದ ಗಾಡಿಗೆ ಪ್ಲೇಟು ಸೇರಿಸುತ್ತಾರೆ. ದುಡ್ಡೂ ಹೋಗುತ್ತದೆ, ಕುಣಿತವೂ ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ ನೆನಪಿನಲ್ಲಿರಲಿ. 5 ಪ್ಲೇಟಿನ ಕಟ್ಟಿಗೆ ಅದೇ ದಪ್ಪದ ಒಂದು ಪ್ಲೇಟು ಸೇರಿಸಿದರೆ ಬಿಗಿ ಸುಮಾರು ಐದನೇ ಒಂದು ಭಾಗದವರೆಗೆ ಹೆಚ್ಚುತ್ತದೆ. ಆದರೆ ದಪ್ಪ ಹೆಚ್ಚಿಸಿದರೆ ಲೆಕ್ಕವೇ ಬೇರೆ. 7 ಮಿ.ಮೀ. ಪ್ಲೇಟಿನ ಬದಲು 8 ಮಿ.ಮೀ. ಪ್ಲೇಟು ಹಾಕಿದರೆ ಆ ಪ್ಲೇಟಿನ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. 'ಒಂದು ಮಿಲಿಮೀಟರ್ ತಾನೆ' ಎಂದು ಗುಜರಿಯಿಂದ ಲಾರಿಯ ಪ್ಲೇಟು ತಂದು ಸೇರಿಸಿದ ಗಾಡಿ ಕಲ್ಲಿನಂತೆ ಆಗುವುದು ಇದರಿಂದಲೇ.

ಹಸುವಿಗೂ ಗಾಡಿಯ ಬಿಗಿಗೂ ಏನು ಸಂಬಂಧ?

ಒಂದು ಮಿಶ್ರತಳಿ ಹಸುವಿನ ತೂಕ 400ರಿಂದ 450 ಕೆ.ಜಿ. ಒಂದು ಟನ್ನಿಗಿಂತ ಹೆಚ್ಚು ಹೊರುವ ಪಿಕಪ್ಪಿಗೆ ಇದು ಅರ್ಧ ಹೊರೆಯೂ ಅಲ್ಲ. ಭಾರಕ್ಕೆಂದು ಬಿಗಿ ಮಾಡಿದ ಪ್ಲೇಟು ಈ ತೂಕಕ್ಕೆ ಬಾಗುವುದೇ ಇಲ್ಲ. ಗುಂಡಿಗೆ ಚಕ್ರ ಬಿದ್ದಾಗ ಇಡೀ ಹಿಂಭಾಗ ಎಗರುತ್ತದೆ. ಕ್ಯಾನು ಎಗರಿದರೆ ಸದ್ದು ಮಾಡುತ್ತದೆ, ಅಷ್ಟೆ. ಹಸು ಹಾಗಲ್ಲ. ಅದರ ಭಾರವೆಲ್ಲ ಎತ್ತರದಲ್ಲಿದೆ, ನಿಂತಿರುವುದು ನಾಲ್ಕು ಗೊರಸಿನ ಮೇಲೆ. ಕಬ್ಬಿಣದ ತಗಡಿನ ಮೇಲೆ ಸಗಣಿ ಗಂಜಲ ಬಿದ್ದ ಮೇಲಂತೂ ಅದಕ್ಕೆ ಹಿಡಿತವೇ ಸಿಗುವುದಿಲ್ಲ.

ಹೆತ್ತೂರು ಕಡೆಯ ಸದಸ್ಯರೊಬ್ಬರು ಸಾಲ ಮಾಡಿ ಬಯಲುಸೀಮೆಯಿಂದ ಎರಡನೇ ಸೂಲಿನ ಹಸುವೊಂದನ್ನು ತಂದರು. ಗಾಡಿಗೆ ಕಾಫಿ ಹೊರೆಗೆಂದು ಆ ವರ್ಷವೇ ಪ್ರತಿ ಬದಿಗೂ ಎರಡೆರಡು ದಪ್ಪ ಪ್ಲೇಟು ಸೇರಿಸಲಾಗಿತ್ತು. ಮನೆಗೆ ಮೂರು ಕಿಲೋಮೀಟರ್ ಇರುವಾಗ ಇಳಿಜಾರಿನ ತಿರುವಿನಲ್ಲಿ ಗಾಡಿ ಎಗರಿತು, ಹಸುವಿನ ಹಿಂಗಾಲುಗಳು ಎರಡು ಕಡೆಗೆ ಜಾರಿ ಅದು ಕುಸಿಯಿತು. ತೊಡೆಯ ಒಳಗಿನ ಸ್ನಾಯು ಹರಿದಿತ್ತು. ನಾನು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಚುಚ್ಚುಮದ್ದು, ಗೋಣಿಚೀಲದ ತೊಟ್ಟಿಲು, ಮಗ್ಗುಲು ಬದಲಾಯಿಸುವುದು, ಎಲ್ಲವನ್ನೂ ಆ ಮನೆಯವರು ಹಗಲು ರಾತ್ರಿ ಮಾಡಿದರು. ಹಸು ಏಳಲಿಲ್ಲ, ಹನ್ನೊಂದನೆಯ ದಿನ ಸತ್ತಿತು. ಸಾಲದ ಮೊದಲ ಕಂತು ಇನ್ನೂ ಕಟ್ಟಬೇಕಾಗಿತ್ತು. ಇದರಲ್ಲಿ ರಸ್ತೆಯ ಪಾಲೂ ಇದೆ, ನೆಲಕ್ಕೆ ಹುಲ್ಲು ಹಾಸದ ಪಾಲೂ ಇದೆ, ಪ್ಲೇಟಿನ ಪಾಲೂ ಇದೆ. ರಸ್ತೆ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ.

ಹಾಲಿಗೂ ಇದೇ ಮಾತು ಅನ್ವಯಿಸುತ್ತದೆ. ಅರ್ಧ ತುಂಬಿದ ಕ್ಯಾನು ಎಗರುವ ಗಾಡಿಯಲ್ಲಿ ಕಡೆಗೋಲು ಇಲ್ಲದ ಮಜ್ಜಿಗೆ ಮಡಕೆಯಾಗುತ್ತದೆ. ಜಿಡ್ಡು ಗಂಟು ಕಟ್ಟಿ ಮುಚ್ಚಳಕ್ಕೆ ಅಂಟುತ್ತದೆ, ಮಾದರಿ ತೆಗೆದಾಗ ಫ್ಯಾಟು ಸರಿಯಾಗಿ ಬರುವುದಿಲ್ಲ. ಪ್ಲೇಟು ಮುರಿದು ದಾರಿಯಲ್ಲಿ ನಿಂತರೆ, ತಣ್ಣಗಾಗದ ಹಾಲಿನಲ್ಲಿ ಹುಳಿ ಏರುತ್ತದೆ. ಶೀತಲೀಕರಣ ಘಟಕ ತಲುಪುವ ಹೊತ್ತಿಗೆ ಇಡೀ ಊರಿನ ಹಾಲು ತಿರಸ್ಕೃತವಾಗಬಹುದು.

ಮೊದಲು ಹೊರೆಯ ಲೆಕ್ಕ ಹಾಕಿರಿ

ಪ್ಲೇಟು ಮುಟ್ಟುವ ಮೊದಲು ಗಾಡಿಯ ಆರ್.ಸಿ. ನೋಡಿರಿ. ಅದರಲ್ಲಿ ಖಾಲಿ ತೂಕ ಮತ್ತು ಹೊರೆ ಸಹಿತ ಒಟ್ಟು ತೂಕ ಎರಡೂ ಇರುತ್ತವೆ. ಉದಾಹರಣೆಗೆ ಒಟ್ಟು ತೂಕ 2,900 ಕೆ.ಜಿ., ಖಾಲಿ ತೂಕ 1,650 ಕೆ.ಜಿ. ಎಂದಿದ್ದರೆ ವ್ಯತ್ಯಾಸ 1,250 ಕೆ.ಜಿ. ಚಾಲಕ ಮತ್ತು ಸಹಾಯಕನಿಗೆ 130 ಕೆ.ಜಿ. ಕಳೆದರೆ ಉಳಿಯುವುದು 1,120 ಕೆ.ಜಿ.

40 ಲೀಟರಿನ ಕ್ಯಾನಿನಲ್ಲಿ ಹಾಲೇ 41 ಕೆ.ಜಿ. ತೂಗುತ್ತದೆ, ಕ್ಯಾನೂ ಸೇರಿ ಸುಮಾರು 50 ಕೆ.ಜಿ. ಎಂದು ಹಿಡಿಯಿರಿ. ಪಶು ಆಹಾರದ ಚೀಲವೂ 50 ಕೆ.ಜಿ. ಆದ್ದರಿಂದ ಲೆಕ್ಕ ಸುಲಭ: ಈ ಗಾಡಿಗೆ ಕ್ಯಾನು ಮತ್ತು ಚೀಲ ಎರಡೂ ಸೇರಿ 22 ಮಾತ್ರ. 20 ಕ್ಯಾನಿನ ಮೇಲೆ 10 ಚೀಲ ಹೇರಿದರೆ ಸುಮಾರು 400 ಕೆ.ಜಿ. ಹೆಚ್ಚಾಯಿತು.

ಪ್ಲೇಟು ಸೇರಿಸಿದರೆ ಈ ಮಿತಿ ಏರುತ್ತದೆಂದು ಹಲವರು ನಂಬಿದ್ದಾರೆ. ಏರುವುದಿಲ್ಲ. ಪ್ಲೇಟಿನ ಕೆಳಗೆ ಎಕ್ಸೆಲ್ ಅದೇ, ಬೇರಿಂಗ್ ಅದೇ, ಟಯರು ಅದೇ, ಬ್ರೇಕು ಅದೇ. ಮೊದಲು ಹೊರೆ ಹೆಚ್ಚಾದರೆ ಗಾಡಿ ಕುಸಿದು ತೋರಿಸುತ್ತಿತ್ತು. ಪ್ಲೇಟು ಸೇರಿಸಿದ ಮೇಲೆ ಅದು ನೆಟ್ಟಗೆ ನಿಲ್ಲುತ್ತದೆ, ಬ್ರೇಕು ಮಾತ್ರ ನಿಲ್ಲಿಸುವುದಿಲ್ಲ. ಶಿರಾಡಿ ಘಾಟಿಯಲ್ಲಾಗಲಿ ಬಿಸಿಲೆ ಘಾಟಿಯಲ್ಲಾಗಲಿ ಇದರ ಅರ್ಥ ಏನೆಂದು ವಿವರಿಸಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ, ಆರ್.ಸಿ.ಯಲ್ಲಿ ನಮೂದಾದ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹಾಳಾದ ಪ್ಲೇಟಿನ ಜಾಗಕ್ಕೆ ಅದೇ ಅಳತೆಯ ಹೊಸದನ್ನು ಹಾಕುವುದು ದುರಸ್ತಿ. ಗಾಡಿಯನ್ನು ಎತ್ತರಿಸಿ ಹೊರೆಯನ್ನು ಹೆಚ್ಚಿಸುವುದು ಮಾರ್ಪಾಡು. ಅಪಘಾತವಾದಾಗ ವಿಮಾ ಕಂಪನಿಯವರು ಮೊದಲು ನೋಡುವುದು ಇದನ್ನೇ. 2019ರ ತಿದ್ದುಪಡಿಯ ನಂತರ ಅಧಿಕ ಹೊರೆಯ ದಂಡವೂ ಭಾರವಾಗಿದೆ.

ರೋಗ ಪತ್ತೆ ಮಾಡಿ ಔಷಧಿ ಕೊಡಿರಿ

ಹಸುವಿಗೆ ಜ್ವರ ನೋಡದೆ ಚುಚ್ಚುಮದ್ದು ಕೊಡುವುದಿಲ್ಲ. ಗಾಡಿಗೂ ಹಾಗೆಯೇ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಖಾಲಿ ನಿಲ್ಲಿಸಿ, ಟಯರಿನ ಗಾಳಿ ಸರಿ ಮಾಡಿಕೊಂಡು ಈ ಕೆಳಗಿನವುಗಳನ್ನು ನೋಡಿರಿ.

1. ಹಿಂದಿನ ಚಕ್ರದ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಎರಡೂ ಬದಿ ಅಳೆದು ಬರೆದಿಡಿ. ಒಂದು ಬದಿ ತಗ್ಗಿದ್ದರೆ ಆ ಬದಿಯ ಪ್ಲೇಟು ಸೋತಿದೆ ಅಥವಾ ಮುರಿದಿದೆ.

2. ಖಾಲಿ ಗಾಡಿಯಲ್ಲೂ ಮೇನ್ ಪ್ಲೇಟು ಚಪ್ಪಟೆಯಾಗಿದ್ದರೆ ಅಥವಾ ತಿರುಗಿ ಬಾಗಿದ್ದರೆ ಕಟ್ಟು ಮುಗಿದಿದೆ ಎಂದೇ ಅರ್ಥ.

3. ಪ್ಲೇಟಿನ ಅಂಚಿನಲ್ಲಿ ಅಡ್ಡಲಾಗಿ ತುಕ್ಕಿನ ಗೆರೆ ಕಂಡರೆ ಅಲ್ಲಿ ಬಿರುಕಿದೆ.

4. ಗಾಡಿ ನೇರ ಹೋಗುವಾಗ ಹಿಂಭಾಗ ಓರೆಯಾಗಿ ಕಂಡರೆ, ಅಥವಾ ಒಂದು ಬದಿಯ ಟಯರು ಮಡ್‌ಗಾರ್ಡಿಗೆ ಉಜ್ಜಿದರೆ ಸೆಂಟರ್ ಬೋಲ್ಟು ತುಂಡಾಗಿ ಎಕ್ಸೆಲ್ ಸರಿದಿರಬಹುದು. ಆ ಗಾಡಿಯನ್ನು ಅಲ್ಲಿಂದ ಮುಂದೆ ಓಡಿಸಬೇಡಿ.

5. ಶ್ಯಾಕಲ್ ಹತ್ತಿರ ಕಬ್ಬಿಣದ ಸರಳು ಹಾಕಿ ಮೀಟಿದಾಗ 'ಟಕ್' ಎಂದು ಅಲುಗಾಡಿದರೆ ಬುಶ್ ಸವೆದಿದೆ.

6. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದು ಕೆಸರು ಅಂಟಿದ್ದರೆ ಅದು ಸೋರಿದೆ. ಹಿಂಭಾಗವನ್ನು ಬಲವಾಗಿ ಒತ್ತಿ ಬಿಟ್ಟಾಗ ಎರಡು ಮೂರು ಸಲ ಕುಣಿದರೂ ಇದೇ ಕಾರಣ.

7. ಎಂದಿನ ಹೊರೆ ಹಾಕಿ ಮತ್ತೆ ಅಳೆಯಿರಿ. ಎಕ್ಸೆಲ್ ಮೇಲಿನ ರಬ್ಬರು ಸ್ಟಾಪರಿಗೆ ತಾಗುವಷ್ಟು ಕುಸಿದಿದೆಯೇ ನೋಡಿರಿ.

ಹೀಗೆ ನೋಡಿದಾಗ ಬಹುಪಾಲು ಗಾಡಿಗಳಿಗೆ ಬೇಕಾಗುವುದು ಹೊಸ ಪ್ಲೇಟು ಸೇರಿಸುವುದಲ್ಲ. ಮುರಿದ ಒಂದು ಪ್ಲೇಟು, ನಾಲ್ಕು ಬುಶ್, ಯು ಬೋಲ್ಟು, ಒಂದು ಜೊತೆ ಶಾಕ್ ಬದಲಾಯಿಸಿದರೆ ಗಾಡಿ ಮೊದಲಿನಂತಾಗುತ್ತದೆ. ಇದು ಮೊದಲ ದಾರಿ.

ಎಲ್ಲವೂ ಸರಿಯಿದ್ದು, ಹೊರೆಯೂ ಮಿತಿಯೊಳಗಿದ್ದು, ಆದರೂ ಪ್ರತಿ ದಿನ ಪೂರ್ತಿ ಹೊರೆ ಹೊತ್ತು ಕೆಟ್ಟ ದಾರಿಯಲ್ಲಿ ಸ್ಟಾಪರಿಗೆ ಬಡಿಯುತ್ತಿದ್ದರೆ ಎರಡನೆಯ ದಾರಿ ಹೆಲ್ಪರ್ ಪ್ಲೇಟು. ತಯಾರಕರು ಅದೇ ಮಾದರಿಗೆ ಕೊಡುವ ಹೆಲ್ಪರ್ ಪ್ಲೇಟು ಖಾಲಿ ಇದ್ದಾಗ ಸುಮ್ಮನಿರುತ್ತದೆ. ಕಟ್ಟು ಇಷ್ಟು ಬಾಗಿದ ಮೇಲೆ ಮಾತ್ರ ತಾಗಿ ಹೆಗಲು ಕೊಡುತ್ತದೆ. ಒಂದು ಹಸು ಇದ್ದಾಗ ಮೆತ್ತಗೆ, ಇಪ್ಪತ್ತು ಕ್ಯಾನು ಇದ್ದಾಗ ಬಿಗಿ. ಹಾಲೂ ಹಸುವೂ ಒಂದೇ ಗಾಡಿಯಲ್ಲಿ ಹೋಗುವ ನಮ್ಮವರಿಗೆ ಇದೇ ತಕ್ಕದ್ದು. ಖಾಲಿ ಇದ್ದಾಗ ಹೆಲ್ಪರಿಗೂ ಅದು ತಾಗುವ ಜಾಗಕ್ಕೂ ನಡುವೆ ತೆರಪು ಇರಲೇಬೇಕು. ತೆರಪಿಲ್ಲದಿದ್ದರೆ ಅದು ಹೆಲ್ಪರ್ ಅಲ್ಲ, ಇನ್ನೊಂದು ದಪ್ಪ ಪ್ಲೇಟು ಅಷ್ಟೆ.

ಇವುಗಳನ್ನು ಮಾಡಬೇಡಿ

ಮುರಿದ ಪ್ಲೇಟಿಗೆ ವೆಲ್ಡಿಂಗ್ ಬೇಡ. ಗ್ಯಾಸಿನಿಂದ ಕಾಯಿಸಿ ಬಾಗಿಸುವುದೂ ಬೇಡ. ಹಳೆಯ ಪ್ಲೇಟಿನಿಂದ ಕುಲುಮೆಯಲ್ಲಿ ಮಚ್ಚು ಮಾಡಿಸಿದವರಿಗೆ ಇದು ಗೊತ್ತು. ಕೆಂಪಗೆ ಕಾಯಿಸಿ ತಣಿಯಲು ಬಿಟ್ಟರೆ ಉಕ್ಕು ಮೆತ್ತಗಾಗುತ್ತದೆ. ಕಾಯಿಸಿ ಅದ್ದಿದರೆ ಗಡಸಾಗಿ ಗಾಜಿನಂತೆ ಒಡೆಯುತ್ತದೆ. ಕಾರ್ಖಾನೆಯಲ್ಲಿ ಅಳತೆಯಿಟ್ಟು ಕೊಟ್ಟ ಹದ ವೆಲ್ಡಿಂಗ್ ಬೆಂಕಿಯಲ್ಲಿ ಹಾಳಾಗುತ್ತದೆ. ಬೆಸೆದ ಜಾಗದ ಪಕ್ಕದಲ್ಲೇ ಅದು ಮತ್ತೆ ಮುರಿಯುತ್ತದೆ, ಅದೂ ಹೊರೆ ಇರುವಾಗಲೇ.

ಉದ್ದದ ಶ್ಯಾಕಲ್ ಹಾಕಿ ಗಾಡಿ ಎತ್ತರಿಸಬೇಡಿ. 2 ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು 1 ಇಂಚು. ಅದಕ್ಕಾಗಿ ಎಕ್ಸೆಲ್ ಹೌಸಿಂಗ್ ತಿರುಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಜಾಯಿಂಟಿನ ಕ್ರಾಸು ಬೇಗ ಸವೆಯುತ್ತದೆ. ಪ್ಲೇಟಿಗೂ ಎಕ್ಸೆಲಿಗೂ ನಡುವೆ ಮರದ ತುಂಡು ಇಡುವುದಂತೂ ಕೂಡದು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕಿನ ವಾಲ್ವು. ಹಲವು ಪಿಕಪ್‌ಗಳಲ್ಲಿ ಚಾಸಿಸ್ಸಿಗೂ ಹಿಂದಿನ ಎಕ್ಸೆಲಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಹೊರೆ ಬಿದ್ದು ಗಾಡಿ ತಗ್ಗಿದಾಗ ಈ ಸರಳು ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿಯನ್ನು ಎತ್ತರಿಸಿದರೆ ಅಥವಾ ಬಾಗದಷ್ಟು ಬಿಗಿ ಮಾಡಿದರೆ, ಹೊರೆ ಇದ್ದರೂ ವಾಲ್ವಿಗೆ ಗಾಡಿ ಖಾಲಿ ಇದ್ದಂತೆಯೇ ಲೆಕ್ಕ. ಹಿಂದಿನ ಬ್ರೇಕು ಅರೆಬರೆ ಹಿಡಿಯುತ್ತದೆ; ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳೇ ಎಲ್ಲ ಕೆಲಸ ಮಾಡಿ ಕಾದು ಸೋಲುತ್ತವೆ. ತಮ್ಮ ಗಾಡಿಯಲ್ಲಿ ಈ ಸರಳು ಇದ್ದರೆ ಪ್ಲೇಟಿನ ಯಾವುದೇ ಬದಲಾವಣೆಯ ನಂತರ ಅದನ್ನು ತಿಳಿದ ಮೆಕ್ಯಾನಿಕ್‌ನಿಂದ ಹೊಂದಿಸಲೇಬೇಕು. ಇದು ಮನೆಯಲ್ಲಿ ಅಂದಾಜಿನಲ್ಲಿ ಮಾಡುವ ಕೆಲಸವಲ್ಲ.

ಮನೆಯಲ್ಲಿ ಕೆಲಸ ಮಾಡುವ ಕ್ರಮ

ಜಾಗ: ಸಿಮೆಂಟಿನ ಕಾಫಿ ಕಣ ಇದಕ್ಕೆ ಅತ್ಯುತ್ತಮ. ಕಣವಿಲ್ಲದವರು ಸಂಘದ ಅಂಗಳದಲ್ಲಿ ಅನುಮತಿ ಪಡೆದು ಮಾಡಿರಿ. ಇಳಿಜಾರು, ಹಸಿ ಮಣ್ಣು, ಜಲ್ಲಿ ಹರಡಿದ ನೆಲ ಬೇಡ. ಮಳೆ ಬರುವಾಗ ಬೇಡ. ಒಬ್ಬರೇ ಬೇಡ.

ಬೇಕಾದವು: ಒಂದು ಒಳ್ಳೆಯ ಜಾಕಿ, ತೂಕ ತಡೆಯುವ ಎರಡು ಉಕ್ಕಿನ ಸ್ಟ್ಯಾಂಡು, ಚಕ್ರಕ್ಕೆ ಕೊಡಲು ನಾಲ್ಕು ಮರದ ಗಟ್ಟೆ, ಪಾನಾಗಳು, ಎರಡು ಸಿ ಕ್ಲ್ಯಾಂಪು, ತಂತಿ ಬ್ರಷ್ಷು, ಹೊಸ ಯು ಬೋಲ್ಟು, ಸೆಂಟರ್ ಬೋಲ್ಟು, ಬುಶ್, ಗ್ರೀಸು, ಟಾರ್ಕ್ ಪಾನಾ.

1. ಹಿಂದಿನ ಸಂಜೆಯೇ ಎಲ್ಲ ನಟ್ಟುಗಳ ಕೆಸರು ತೆಗೆದು ತುಕ್ಕು ಬಿಡಿಸುವ ಎಣ್ಣೆ ಬಿಡಿರಿ.

2. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟೆ ಕೊಡಿರಿ. ಹ್ಯಾಂಡ್ ಬ್ರೇಕು ಹಿಡಿದಿರುವುದು ಹಿಂದಿನ ಚಕ್ರಗಳನ್ನು. ಅವು ನೆಲ ಬಿಟ್ಟ ಮೇಲೆ ಅದರಿಂದ ಪ್ರಯೋಜನವಿಲ್ಲ. ಗೇರಿನಲ್ಲಿ ನಿಲ್ಲಿಸಿದರೂ ಸಾಮಾನ್ಯ ಪಿಕಪ್ಪಿನಲ್ಲಿ ಇದೇ ಕಥೆ. ಗಾಡಿಯನ್ನು ಹಿಡಿಯುವುದು ಗಟ್ಟೆ ಮಾತ್ರ.

3. ಚಕ್ರ ನೆಲದಲ್ಲಿರುವಾಗಲೇ ವೀಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿರಿ. ಆಮೇಲೆ ಹಿಂಭಾಗ ಎತ್ತಿ, ಪ್ಲೇಟಿನ ಮುಂದಿನ ಕಣ್ಣಿಗಿಂತ ಮುಂದೆ ಚಾಸಿಸ್ಸಿನ ಕೆಳಗೆ ಎರಡೂ ಬದಿ ಸ್ಟ್ಯಾಂಡು ಕೊಡಿರಿ. ಗಾಡಿಯನ್ನು ಅಲುಗಿಸಿ ನೋಡಿ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಪೇರಿಸಿದ ಇಟ್ಟಿಗೆ, ಹಾಲೋ ಬ್ಲಾಕು ಸ್ಟ್ಯಾಂಡಿಗೆ ಬದಲಿಯಲ್ಲ. ಅವು ಸೂಚನೆ ಕೊಡದೆ ಪುಡಿಯಾಗುತ್ತವೆ.

4. ಚಕ್ರ ತೆಗೆದು, ಜಾಕಿಯನ್ನು ಎಕ್ಸೆಲಿನ ಕೆಳಗೆ ಕೊಟ್ಟು ಅದರ ತೂಕ ಹಿಡಿಯಿರಿ. ಎಕ್ಸೆಲ್ ಬ್ರೇಕಿನ ರಬ್ಬರು ಪೈಪಿನ ಮೇಲೆ ಜೋತು ಬೀಳಬಾರದು.

5. ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿರಿ. ಇನ್ನೊಂದು ಬದಿ ಎಕ್ಸೆಲನ್ನು ಅದರ ಜಾಗದಲ್ಲಿ ಹಿಡಿದಿರುತ್ತದೆ. ಶಾಕಿನ ಕೆಳಗಿನ ಬೋಲ್ಟು, ಯು ಬೋಲ್ಟು, ಶ್ಯಾಕಲ್, ಕೊನೆಗೆ ಮುಂದಿನ ಕಣ್ಣಿನ ಬೋಲ್ಟು - ಇದು ಕ್ರಮ. ಕಟ್ಟನ್ನು ಇಬ್ಬರು ಹಿಡಿದು ಇಳಿಸಿರಿ.

6. ಕಟ್ಟು ಬಿಚ್ಚುವಾಗ ಬಹಳ ಎಚ್ಚರಿಕೆ. ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಸೆಂಟರ್ ಬೋಲ್ಟು ಬಿಚ್ಚಿದೊಡನೆ ಎಗರಬಲ್ಲವು. ಬೋಲ್ಟಿನ ಎರಡು ಪಕ್ಕದಲ್ಲೂ ಸಿ ಕ್ಲ್ಯಾಂಪು ಬಿಗಿದು, ನಟ್ಟು ತೆಗೆದು, ನಂತರ ಕ್ಲ್ಯಾಂಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿರಿ. ಮುಖವನ್ನು ಅದರ ನೇರಕ್ಕೆ ಇಡಬೇಡಿ. ಮಕ್ಕಳನ್ನು ದೂರವಿಡಿ.

7. ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಬಿರುಕು ನೋಡುವ ಹಳೆಯ ಉಪಾಯವೊಂದಿದೆ. ಪ್ಲೇಟಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿರಿ. ಬಿರುಕಿನೊಳಗೆ ಹೋದ ಎಣ್ಣೆ ಹೊರಬಂದು ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಕಣ್ಣಿನ ಸುತ್ತ ಮತ್ತು ಸೆಂಟರ್ ಬೋಲ್ಟಿನ ತೂತಿನ ಸುತ್ತ ಹೆಚ್ಚು ಗಮನಿಸಿರಿ.

8. ಹಾಳಾದ ಪ್ಲೇಟಿಗೆ ಅದೇ ಅಗಲ, ಅದೇ ದಪ್ಪ, ಅದೇ ಬಾಗಿನ ಹೊಸ ಪ್ಲೇಟು ಹಾಕಿರಿ. ಒಂದು ಬದಿ ಹೊಸ ಕಟ್ಟು, ಇನ್ನೊಂದು ಬದಿ ಸೋತ ಕಟ್ಟು ಬೇಡ, ಗಾಡಿ ಓರೆಯಾಗುತ್ತದೆ. ಹೆಲ್ಪರ್ ಹಾಕುವುದಾದರೆ ಎರಡೂ ಬದಿಗೆ ಸಮವಾಗಿ ಹಾಕಿರಿ.

9. ಮರುಜೋಡಣೆಯಲ್ಲಿ ಮೊದಲು ಮುಂದಿನ ಕಣ್ಣು, ನಂತರ ಶ್ಯಾಕಲ್. ಸೆಂಟರ್ ಬೋಲ್ಟಿನ ತಲೆ ಎಕ್ಸೆಲಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಬೆರಳಿಟ್ಟು ನೋಡಿರಿ. ಇದು ಕೂರದೆ ಬಿಗಿದರೆ ಎಕ್ಸೆಲ್ ಓರೆಯಾಗುತ್ತದೆ. ಹಳೆಯ ಯು ಬೋಲ್ಟು ಒಮ್ಮೆ ಬಿಗಿದು ಹಿಗ್ಗಿದ್ದು. ಅದನ್ನು ಮತ್ತೆ ಬಳಸಬೇಡಿ. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಯಿರಿ.

10. ರಬ್ಬರು ಬುಶ್ ಇರುವ ಗಾಡಿಯಲ್ಲಿ ಕಣ್ಣಿನ ಮತ್ತು ಶ್ಯಾಕಲಿನ ಬೋಲ್ಟುಗಳನ್ನು ಚಕ್ರ ನೆಲಕ್ಕಿಳಿದು ಗಾಡಿಯ ತೂಕ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಿರಿ. ಜೋತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಹಳೆಯ ಜೀಪಿನ ಲೋಹದ ಬುಶ್‌ಗಳಿಗೆ ಗ್ರೀಸು ತುಂಬಿರಿ.

ಮುಗಿದ ಮೇಲೆ

ಮೊದಲಿನ ಜಾಗದಲ್ಲೇ ಮತ್ತೆ ಅಳೆದು, ಬರೆದಿಟ್ಟ ಅಳತೆಗೆ ಹೋಲಿಸಿರಿ. ಖಾಲಿ ಗಾಡಿಯನ್ನು ಸಮತಟ್ಟು ದಾರಿಯಲ್ಲಿ ನಿಧಾನ ಓಡಿಸಿ ಬ್ರೇಕು ಒತ್ತಿ ನೋಡಿರಿ. ಒಂದು ಕಡೆಗೆ ಎಳೆಯಬಾರದು. ಹಿಂಭಾಗದ ಎತ್ತರ ಬದಲಾದರೆ ಮುಂದಿನ ದೀಪದ ಬೆಳಕೂ ಬದಲಾಗುತ್ತದೆ, ಅದನ್ನೂ ಹೊಂದಿಸಿರಿ. ಮಂಜು ಮುಸುಕಿದ ಬೆಳಗಿನ ಜಾವ ಹಾಲು ಸಾಗಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲ 100 ಕಿಲೋಮೀಟರ್ ಆದ ಮೇಲೆ ಒಮ್ಮೆ, ಮೊದಲ ಪೂರ್ತಿ ಹೊರೆಯ ನಂತರ ಒಮ್ಮೆ ಯು ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂರುವಾಗ ಯು ಬೋಲ್ಟು ಸಡಿಲವಾಗುವುದು ಸಹಜ. ಯು ಬೋಲ್ಟು ಸಡಿಲವಾದರೆ ಸೆಂಟರ್ ಬೋಲ್ಟು ತುಂಡಾಗುತ್ತದೆ, ಮುಂದಿನದು ತಮಗೇ ಗೊತ್ತು.

ವರ್ಷಕ್ಕೆ ಎರಡು ಸಲ ಈ ತಪಾಸಣೆ ಸಾಕು: ಕಾಫಿ ಹೊರೆ ಮುಗಿದು ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ಗುಂಡಿಗಳನ್ನು ದಾಟಿದ ಮೇಲೆ ದಸರಾ ಹೊತ್ತಿಗೆ ಇನ್ನೊಮ್ಮೆ.

ಹಸುವನ್ನು ಸಾಗಿಸುವಾಗ

ಪ್ಲೇಟು ಎಷ್ಟು ಸರಿಯಿದ್ದರೂ ಕೆಳಗಿನವು ಇಲ್ಲದೆ ಹಸು ಕ್ಷೇಮವಾಗಿ ಮನೆ ಸೇರುವುದಿಲ್ಲ.

ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಕಿ, ಮೇಲೆ ಭತ್ತದ ಹುಲ್ಲನ್ನು ದಪ್ಪಗೆ ಹಾಸಿರಿ. 1978ರ ಪ್ರಾಣಿಗಳ ಸಾಗಾಣಿಕೆ ನಿಯಮಗಳು ಜಾರದ ನೆಲ, ಜೊತೆಗೊಬ್ಬ ಆಳು ಇರಬೇಕೆಂದೂ, ಹಸುವಿನ ಜೊತೆ ಬೇರೆ ಸರಕು ಹೇರಬಾರದೆಂದೂ, ಆದಷ್ಟೂ ಹಸುವಿನ ಮುಖ ಇಂಜಿನಿನ ಕಡೆಗಿರಬೇಕೆಂದೂ ಹೇಳುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ಹಸುವಿಗೆ 2 ಚದರ ಮೀಟರಿನ ಪ್ರತ್ಯೇಕ ಅಂಕಣ ಬೇಕೆನ್ನುತ್ತವೆ. 8 ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿ ಎಂದರೆ 44 ಚದರ ಅಡಿ, ಅಂದರೆ ಸುಮಾರು 4 ಚದರ ಮೀಟರ್. ಎರಡೇ ಹಸು, ಮೂರನೆಯದಕ್ಕೆ ಜಾಗವಿಲ್ಲ. ಬೇಕಾದ ಪತ್ರಗಳ ಬಗ್ಗೆ ಹೊರಡುವ ಮೊದಲೇ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಹಸುವನ್ನು ಹತ್ತಿಸುವಾಗ ಎಳೆದಾಡಬೇಡಿ. ಮಲೆನಾಡಿನಲ್ಲಿ ದರೆಗೇನೂ ಬರವಿಲ್ಲ. ಗಾಡಿಯ ಹಿಂಬದಿಯನ್ನು ಬಾಡಿಯಷ್ಟೇ ಎತ್ತರದ ದರೆಗೆ ತಾಗಿಸಿ ನಿಲ್ಲಿಸಿದರೆ ಹಸು ತಾನೇ ನಡೆದು ಹತ್ತುತ್ತದೆ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಸಾಗಿಸಬೇಡಿ. ಹಗ್ಗ ತೀರ ಗಿಡ್ಡವೂ ಬೇಡ, ಕಾಲು ಸಿಕ್ಕುವಷ್ಟು ಉದ್ದವೂ ಬೇಡ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ, ತಿರುವಿಗೆ ಮೊದಲೇ ವೇಗ ಇಳಿಸಿ ಹೋಗಿರಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹಸು ನಿಂತಿದೆಯೇ ನೋಡಿರಿ. ಬಿದ್ದಿದ್ದರೆ ಗಾಡಿ ಓಡುತ್ತಿರುವಾಗ ಎಬ್ಬಿಸಲು ಹೋಗಬೇಡಿ. ನಮ್ಮ ಮಲೆನಾಡು ಗಿಡ್ಡಕ್ಕೆ ಹತ್ತಿರದ ದಾರಿಯಾದರೆ ಗಾಡಿಯೇ ಬೇಡ. ನಡೆಸಿಕೊಂಡು ಬಂದರೆ ಅದಕ್ಕೂ ಹಿತ, ತಮಗೂ ಖರ್ಚಿಲ್ಲ.

ಹಾಲು ಸಾಗಿಸುವಾಗ ಅರ್ಧ ಕ್ಯಾನುಗಳನ್ನು ಒಂದುಗೂಡಿಸಿ ತುಂಬಿದ ಕ್ಯಾನು ಮಾಡಿರಿ. ತುಂಬಿದ ಕ್ಯಾನಿನಲ್ಲಿ ಹಾಲು ಕಡೆಯುವುದಿಲ್ಲ. ಕ್ಯಾನುಗಳನ್ನು ಹಿಂದಿನ ಎಕ್ಸೆಲಿಗಿಂತ ಮುಂದೆ, ಒತ್ತೊತ್ತಾಗಿ ಇಟ್ಟು ಹಗ್ಗ ಬಿಗಿಯಿರಿ.

ಸಂಘಗಳಿಗೆ ಒಂದು ಸಲಹೆ

ಎರಡು ಜೊತೆ ಉಕ್ಕಿನ ಸ್ಟ್ಯಾಂಡು, ಒಂದು ಟಾರ್ಕ್ ಪಾನಾ, ನಾಲ್ಕು ಗಟ್ಟೆಗಳನ್ನು ಪ್ರತಿಯೊಬ್ಬ ಸದಸ್ಯರೂ ಕೊಳ್ಳಬೇಕಾಗಿಲ್ಲ. ಸಂಘವೇ ಕೊಂಡು, ಪುಸ್ತಕದಲ್ಲಿ ಬರೆಸಿ ಸದಸ್ಯರಿಗೆ ಕೊಟ್ಟು ವಾಪಸು ಪಡೆಯಬಹುದು. ಹಾಲು ಸಾಗಿಸುವ ಗಾಡಿಯವರಿಗೆ ಮೇ ತಿಂಗಳಲ್ಲಿ ಒಂದು ದಿನ ಸಂಘದ ಅಂಗಳದಲ್ಲಿಯೇ ತಪಾಸಣೆ ಇಟ್ಟುಕೊಳ್ಳಬಹುದು. ಇದರ ಖರ್ಚು ಒಂದು ದಿನದ ಹಾಲು ತಿರಸ್ಕೃತವಾಗುವ ನಷ್ಟದೊಡನೆ ಹೋಲಿಸಿದರೆ ಏನೇನೂ ಅಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಇಡಲು ಕಾರ್ಯದರ್ಶಿಗಳನ್ನು ಕೋರುತ್ತೇನೆ.

ನೆನಪಿಡಬೇಕಾದ ಅಂಶಗಳು

1. ಮೊದಲು ಹೊರೆ ಇಳಿಸಿ, ಆಮೇಲೆ ಪ್ಲೇಟಿನ ಮಾತು.
2. ಪ್ಲೇಟು ಸೇರಿಸಿದರೆ ಬ್ರೇಕು ಬಲವಾಗುವುದಿಲ್ಲ.
3. ಸೇರಿಸಲೇಬೇಕಾದರೆ ತಯಾರಕರ ಹೆಲ್ಪರ್ ಪ್ಲೇಟು, ಎರಡೂ ಬದಿಗೆ.
4. ವೆಲ್ಡಿಂಗ್, ಉದ್ದದ ಶ್ಯಾಕಲ್, ಲಾರಿ ಪ್ಲೇಟು ಬೇಡ.
5. ಸ್ಟ್ಯಾಂಡು ಇಲ್ಲದೆ ಗಾಡಿಯ ಕೆಳಗೆ ಹೋಗಬೇಡಿ.
6. ಬ್ರೇಕಿನ ವಾಲ್ವು ಹೊಂದಿಸದೆ ಘಾಟಿ ಇಳಿಯಬೇಡಿ.
7. ಹುಲ್ಲು ಹಾಸದೆ ಹಸು ಹತ್ತಿಸಬೇಡಿ.

ಸಂದೇಹವಿದ್ದವರು ಗಾಡಿಯ ವಿಷಯಕ್ಕೆ ತಿಳಿದ ಮೆಕ್ಯಾನಿಕ್‌ರನ್ನೂ, ಹಸುವಿನ ವಿಷಯಕ್ಕೆ ತಮ್ಮ ಭಾಗದ ಪಶುವೈದ್ಯರನ್ನೂ ಕೇಳಿರಿ. ಹಸು ಗಾಡಿಯಲ್ಲಿ ಬಿದ್ದು ಏಳದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆ ಕ್ಷಣವೇ ತಿಳಿಸಿರಿ. ಮೊದಲ ಕೆಲವು ಗಂಟೆಗಳಲ್ಲಿ ಮೆತ್ತನೆಯ ಹಾಸಿಗೆ ಮತ್ತು ಚಿಕಿತ್ಸೆ ಸಿಕ್ಕ ಹಸು ಏಳುವ ಸಂಭವ ಹೆಚ್ಚು.

- ಪಶುವೈದ್ಯ ವಿಸ್ತರಣಾಧಿಕಾರಿ